ತೋಳಪಟ್ಟಿಯ ಒಳಗೆ ಬರೆದಿದ್ದ ಮಾತು

ಮೂರನೆಯ ದಿನದ ಶೂಟಿಂಗ್ ಮುಗಿದು ಬಟ್ಟೆಗಳನ್ನು ಒಗೆಯಲು ವಿಂಗಡಿಸುತ್ತಿದ್ದಾಗ, ಎರಡನೇ ನಂಬರಿನ ಅಂಗಿಯ ಎಡ ಮಣಿಕಟ್ಟಿನ ತೋಳಪಟ್ಟಿ ಕೈಯಲ್ಲಿ ಮಗುಚಿಕೊಂಡಿತು. ಒಳಗಡೆ ನೀಲಿ ಶಾಯಿ. ಪೆನ್ನು ಸೋರಿರಬೇಕು ಎಂದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಕಲೆಯಲ್ಲ, ಅಕ್ಷರ. ಆ ಮಧ್ಯಾಹ್ನ ಮುದುಕ ನಟ ಕ್ಯಾಮೆರಾದ ಮುಂದೆ ಹೇಳಿದ್ದ ನಾಲ್ಕು ಸಾಲು ಸಣ್ಣದಾಗಿ, ಒತ್ತೊತ್ತಾಗಿ ಬರೆದಿತ್ತು.

ನಾನು ಆ ಧಾರಾವಾಹಿಯಲ್ಲಿ ಬಟ್ಟೆಯ ಕೆಲಸಕ್ಕೆ ಸೇರಿದವನು. ಮೊದಲು ದುಬೈಯ ನೈಫ್ ಪೇಟೆಯಲ್ಲಿ ಟೇಲರ್ ಆಗಿದ್ದೆ. ಅಂಗಡಿ ಮುಚ್ಚಿದ ಮೇಲೆ ಶೂಟಿಂಗ್‌ಗಳಿಗೆ ಉಡುಪು ಒದಗಿಸುವ ಕಂಪನಿಯೊಂದು ವೀಸಾ ಕೊಟ್ಟು ಕರೆದುಕೊಂಡಿತು. ನಟರಿಗೆ ಬಟ್ಟೆ ತೊಡಿಸುವುದು, ಬಿಚ್ಚುವುದು, ಒಂದು ದೃಶ್ಯದಿಂದ ಇನ್ನೊಂದಕ್ಕೆ ಕಾಲರು, ಗುಂಡಿ, ಕೊಳೆ ಎಲ್ಲ ಇದ್ದ ಹಾಗೇ ಇರುವಂತೆ ನೋಡಿಕೊಳ್ಳುವುದು ನನ್ನ ಪಾಲಿನದು. ಯೂನಿಟ್‌ನಲ್ಲಿ ಎಲ್ಲರಿಗೂ ನಾನು ‘ಮಾಸ್ಟರ್’.

ಕಥೆ ದುಬೈಯಲ್ಲಿ ಬಾಳು ಸವೆಸಿದ ಒಬ್ಬ ಇಂಗ್ಲಿಷ್ ಮೆಕ್ಯಾನಿಕ್‌ನದು. ಅವನ ವರ್ಕ್‌ಶಾಪ್ ಕೆಡವುತ್ತಾರೆ, ಮಗಳು ಕರೆದೊಯ್ಯಲು ಬರುತ್ತಾಳೆ, ಅವನು ಹೋಗುವುದಿಲ್ಲ ಎನ್ನುತ್ತಾನೆ. ರಾಸ್ ಅಲ್ ಖೋರ್‌ನಲ್ಲಿ ಒಂದು ಹಳೆಯ ಗ್ಯಾರೇಜ್ ಬಾಡಿಗೆಗೆ ಹಿಡಿದು ಸೆಟ್ ಮಾಡಿದ್ದರು. ಆ ಪಾತ್ರಕ್ಕೆ ನಾನು ಒಂದೇ ಬಗೆಯ ನಾಲ್ಕು ಅಂಗಿ ಹೊಲಿದಿದ್ದೆ. ಇಲ್ಲಿನ ಸೆಕೆಗೆ ಇಪ್ಪತ್ತು ನಿಮಿಷದಲ್ಲಿ ಬೆನ್ನು ಒದ್ದೆಯಾಗುತ್ತದೆ, ಪರದೆಯ ಮೇಲೆ ಮಾತ್ರ ಅದೇ ಗಳಿಗೆ ನಡೆಯುತ್ತಿರುತ್ತದೆ. ಅದಕ್ಕೇ ನಾಲ್ಕು. ನಾಲ್ಕನ್ನೂ ಚಹಾದ ನೀರಲ್ಲಿ ಅದ್ದಿ, ಕಾಲರಿನ ಅಂಚು ಮರಳುಕಾಗದದಿಂದ ಉಜ್ಜಿ, ಬಹಳ ವರ್ಷ ತೊಟ್ಟ ಬಟ್ಟೆಯಂತೆ ಮಾಡಿದ್ದೆ.

ಆ ಮುದುಕ ನಟರ ಮುಖ ಇಂಗ್ಲೆಂಡಿನವರಿಗೆಲ್ಲ ಗೊತ್ತು. ಹೆಸರು ಕೇಳಿದರೆ ಯಾರೂ ಹೇಳಲಾರರು. ನಲವತ್ತಕ್ಕೂ ಹೆಚ್ಚು ವರ್ಷ ಟಿವಿಯಲ್ಲಿ ಇನ್‌ಸ್ಪೆಕ್ಟರ್, ಜಡ್ಜ್, ಹಳ್ಳಿ ಡಾಕ್ಟರ್, ದೊಡ್ಡ ಮನೆಯ ಅಡುಗೆಯವ, ಮೊದಲ ಕಂತಿನಲ್ಲೇ ಕೊಲೆಯಾಗುವ ಬ್ಯಾಂಕ್ ಮ್ಯಾನೇಜರ್. “ಹೋಟೆಲಿನ ಲಿಫ್ಟ್‌ನಲ್ಲಿ ಒಬ್ಬಳು, ನೀವು ಸತ್ತಿದ್ದಿರಲ್ಲ ಅಂದಳು” ಎಂದು ಮೊದಲ ದಿನ ಅಳತೆ ಕೊಡುವಾಗ ನಕ್ಕಿದ್ದರು. ಕಥೆ ತನ್ನ ಸುತ್ತಲೇ ತಿರುಗುವಂಥ ಪಾತ್ರ ಅವರಿಗೆ ಸಿಕ್ಕಿದ್ದು ಅದೇ ಮೊದಲು, ಎಪ್ಪತ್ತೈದು ದಾಟಿದ ಮೇಲೆ.

ಮರುದಿನ ಬೆಳಿಗ್ಗೆ ಅವರ ಕ್ಯಾರವಾನಿನಲ್ಲಿ ಅಂಗಿ ತೊಡಿಸುತ್ತ ಮೆಲ್ಲಗೆ ಹೇಳಿದೆ: “ಸರ್, ಆ ಶಾಯಿ ಒಗೆದರೆ ಹೋಗುವುದಿಲ್ಲ. ಬರೆಯುವುದಿದ್ದರೆ ನನಗೆ ಹೇಳಿ.”

ಅವರ ಕೈ ಗಾಳಿಯಲ್ಲೇ ನಿಂತಿತು. ಎದ್ದು ಬಾಗಿಲಿನ ಚಿಲಕ ಹಾಕಿ ಬಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ.

“ಶೂಟಿಂಗಿಗೆ ಮೊದಲು ಡಾಕ್ಟರ್ ಪರೀಕ್ಷೆ ಮಾಡಿದ ದಿನ ನನ್ನ ನೆನಪು ಚೆನ್ನಾಗಿತ್ತು. ಸುಳ್ಳು ಹೇಳಲಿಲ್ಲ. ಆ ದಿನ ಚೆನ್ನಾಗಿದ್ದೆ” ಎಂದರು. ಆಮೇಲೆ, “ಮಾಸ್ಟರ್, ಯಾರಿಗೂ ಹೇಳಬೇಡಿ. ಇದೊಂದು ಮುಗಿಸಿಬಿಡುತ್ತೇನೆ. ಮಾತು ಕೊಡಿ.”

ಕೊಟ್ಟೆ. ಬರೀ ಕನಿಕರದಿಂದ ಎಂದರೆ ಸುಳ್ಳಾಗುತ್ತದೆ. ಅವರನ್ನು ಬದಲಾಯಿಸಿದರೆ ತೆಗೆದದ್ದೆಲ್ಲ ಮತ್ತೆ ತೆಗೆಯಬೇಕು. ಬಹುಶಃ ಧಾರಾವಾಹಿಯೇ ನಿಲ್ಲುತ್ತದೆ. ಕಂಪನಿಗೆ ಆಗ ಬೇರೆ ಕೆಲಸವಿರಲಿಲ್ಲ. ನನ್ನ ವೀಸಾ ರದ್ದಾದರೆ ಹತ್ತನೇ ಕ್ಲಾಸಿನ ಮಗಳನ್ನು ಪರೀಕ್ಷೆಯ ಹೊತ್ತಿಗೆ ಎಲ್ಲಿಗೆ ಕರೆದುಕೊಂಡು ಹೋಗಲಿ? ಆ ಭಯವೂ ಮಾತು ಕೊಟ್ಟಿತು.

ಅಂದಿನಿಂದ ನನಗೆ ಎರಡು ಕೆಲಸ. ಮರುದಿನದ ದೃಶ್ಯದ ಹಾಳೆ ಮಧ್ಯಾಹ್ನವೇ ಸಿಗುತ್ತಿತ್ತು. ಇಂಟರ್‌ನ್ಯಾಷನಲ್ ಸಿಟಿಯ ಮನೆಗೆ ಬಂದು, ಊಟದ ಮೇಜಿನ ಮೇಲೆ ಬಿಳಿ ಹತ್ತಿ ಪಟ್ಟಿ ಹಾಸಿ, ಬಟ್ಟೆಗೆ ಗುರುತು ಹಾಕುವ ಪೆನ್ನಿನಿಂದ ದೊಡ್ಡ ಅಕ್ಷರದಲ್ಲಿ ಅವರ ಮಾತು ಬರೆಯುತ್ತಿದ್ದೆ. ಪೂರ್ತಿ ವಾಕ್ಯ ಬೇಡ, ಶುರುವಿನ ಮೂರ್ನಾಲ್ಕು ಪದ ಸಾಕು ಎಂದಿದ್ದರು. ಪಟ್ಟಿಗಳನ್ನು ಟೋಪಿಯ ಒಳಗೆ, ತೋಳಿನ ಮಡಿಕೆಯಲ್ಲಿ, ಟೂಲ್ ಬಾಕ್ಸಿನ ಮುಚ್ಚಳದ ಹಿಂದೆ, ಒಮ್ಮೆ ಮಗಳ ಪಾತ್ರದ ನಟಿಯ ಕೈಚೀಲದ ಬೆನ್ನಿಗೂ ಪಿನ್ನು ಹಾಕಿ ಕೂರಿಸಿದೆ. ಆಕೆಗೆ ಅದು ಗೊತ್ತಾಗಲೇ ಇಲ್ಲ.

ನನ್ನ ಮಗಳು ಒಂದು ಸಂಜೆ ಹಿಂದಿನಿಂದ ಬಗ್ಗಿ ನೋಡಿ, “ಪಪ್ಪಾ, ಸ್ಪೆಲ್ಲಿಂಗ್ ರಾಂಗ್. ಹೂ ವಿಲ್ ರೀಡ್ ದಿಸ್?” ಎಂದಳು.

“ಓದುವವರು ಓದ್ತಾರೆ. ನೀನು ಸರಿ ಮಾಡಿ ಕೊಡು” ಎಂದೆ. ಸರಿ ಮಾಡಿ ಕೊಟ್ಟಳು. ಒಳಗಿನಿಂದ ಹೆಂಡತಿ, “ಎಂತ ಮಾರಾಯ್ರೆ, ಈಗ ಡೈಲಾಗೂ ನೀವೇ ಬರೀಲಿಕ್ಕೆ ಶುರು ಮಾಡಿದ್ರಾ?” ಎಂದಳು. ನಕ್ಕು ಪಟ್ಟಿ ಮಡಿಚಿಟ್ಟೆ.

ಆರು ದಿನ ಎಲ್ಲ ಸರಾಗ ನಡೆಯಿತು. ಎಷ್ಟು ಸರಾಗವೆಂದರೆ, ಅವರು ಟೋಪಿ ತೆಗೆದು ಒಳಗೆ ನೋಡಿ ಮಾತಾಡುವ ರೀತಿಯನ್ನು ನಿರ್ದೇಶಕಿ ಪಾತ್ರದ ಒಂದು ಅಭ್ಯಾಸ ಎಂದೇ ತಿಳಿದು ಮೆಚ್ಚಿಕೊಂಡರು. ನನಗೆ ಒಳಗೊಳಗೇ ಹೆಮ್ಮೆ. ಈಗ ನೆನೆದರೆ ಆ ಹೆಮ್ಮೆಯೇ ಹೆಚ್ಚು ನಾಚಿಕೆ ತರಿಸುತ್ತದೆ.

ಹತ್ತನೇ ದಿನ ಅಬುಧಾಬಿ ಕಡೆಯ ಮರಳುಗಾಡಿಗೆ ಹೋದೆವು. ಬೆಳಿಗ್ಗೆ ಎಂಟಕ್ಕೇ ಮರಳು ಚಪ್ಪಲಿಯ ಮೂಲಕ ಸುಡುತ್ತಿತ್ತು. ಹೆಂಡತಿಯನ್ನು ಮಣ್ಣು ಮಾಡಿದ ದಿನದ ಬಗ್ಗೆ ಅಪ್ಪ ಮಗಳಿಗೆ ಹೇಳುವ ದೃಶ್ಯ. ನಾಲ್ಕು ಅಂಗಿಗೂ ಪಟ್ಟಿ ಹೊಲಿದು ತಂದಿದ್ದೆ. ಕ್ಯಾಮೆರಾ ಇಡುವ ಹೊತ್ತಿಗೆ ಹೊಸ ಹಾಳೆ ಬಂತು. ನಿರ್ದೇಶಕಿ ಬೆಳಿಗ್ಗೆಯೇ ಮಾತು ಬದಲಾಯಿಸಿದ್ದರು. ನಾನು ವ್ಯಾನಿನ ಹಿಂದೆ ಮೊಣಕಾಲೂರಿ ಕೂತು ಹೊಸ ಪಟ್ಟಿ ಬರೆದೆ. ಎರಡೇ ಟೇಕ್‌ನಲ್ಲಿ ಬೆವರು ಇಳಿದು ಅಕ್ಷರ ಕಲಸಿಹೋಯಿತು. ಟೋಪಿಯನ್ನು ಗಾಳಿ ಹಾರಿಸಿತು.

ಐದನೇ ಟೇಕ್. ಏಳು. ಒಂಬತ್ತು. ಸಹನಿರ್ದೇಶಕ ಲೆಬನಾನಿನವರು, ಸಮಯ ಕಾಯುವುದು ಅವರ ಹೊಣೆ. “ಯಲ್ಲಾ, ಯಲ್ಲಾ, ಬೇಗ, ಬಿಸಿಲು ಏರ್ತಿದೆ” ಎಂದು ಗಡಿಯಾರ ತಟ್ಟುತ್ತಿದ್ದರು. ಹತ್ತನೇ ಟೇಕ್‌ನಲ್ಲಿ ಮುದುಕರ ಬೆನ್ನು ಒಮ್ಮೆಲೇ ನೆಟ್ಟಗಾಯಿತು. ದನಿ ಬೇರೆಯಾಯಿತು. ನಟಿಯ ಕಣ್ಣಲ್ಲಿ ಕಣ್ಣಿಟ್ಟು ಶುರು ಮಾಡಿದರು: “ಕೂತುಕೊಳ್ಳಿ. ಗುರುವಾರ ಸಂಜೆ ಎಲ್ಲಿದ್ದಿರಿ? ಮನೆಯಲ್ಲಿ ಅಂತ ಹೇಳಬೇಡಿ, ನಿಮ್ಮ ಮನೆಯ ದೀಪ ಆರಿತ್ತು. ಆ ಕೊಡಲಿ ಕೊಂಡದ್ದು ಯಾವಾಗ?”

ಯಾವುದೋ ಕಾಲದಲ್ಲಿ ಮಾಡಿದ ಯಾವುದೋ ಇನ್‌ಸ್ಪೆಕ್ಟರ್ ಪಾತ್ರ. ಎರಡು ನಿಮಿಷ ಒಂದು ಪದವೂ ತಡವರಿಸಲಿಲ್ಲ. ಸುತ್ತಲಿದ್ದವರು ತಮಾಷೆ ಎಂದುಕೊಂಡು ನಕ್ಕರು, ಕೊನೆಗೆ ಚಪ್ಪಾಳೆ ತಟ್ಟಿದರು. ಅವರೂ ನಕ್ಕು ತಲೆಬಾಗಿದರು. ನಾನು ನೋಡಿದ್ದು ಅವರ ಬಲಗೈಯನ್ನು. ಅದು ಎಡ ತೋಳಪಟ್ಟಿಯ ಒಳಗೆ ಬೆರಳು ತೂರಿಸಿ ಹುಡುಕುತ್ತಲೇ ಇತ್ತು.

ವ್ಯಾನಿನ ನೆರಳಲ್ಲಿ ಸಹನಿರ್ದೇಶಕರು ನನ್ನನ್ನು ಹಿಡಿದರು. “ಮಾಸ್ಟರ್, ದಿನಾ ಅವರ ಹತ್ತಿರ ಇರೋದು ನೀವು. ಏನಾದರೂ ಮುಷ್ಕಿಲ್ ಇದೆಯಾ?”

“ಮಾಫಿ ಮುಷ್ಕಿಲ್” ಎಂದೆ. ತೊಂದರೆ ಏನೂ ಇಲ್ಲ. ನಾಲಿಗೆ ಅಷ್ಟು ಸುಲಭವಾಗಿ ಹೊರಳಿತು. ಆ ದೃಶ್ಯ ಅಂದು ಆಗಲಿಲ್ಲ. ಮರುದಿನ ತುಂಡುತುಂಡಾಗಿ, ಒಂದೊಂದೇ ವಾಕ್ಯ ಹೇಳಿಸಿ ಮುಗಿಸಿದರು.

ಸೆಟ್‌ನ ನರ್ಸ್ ಮಂಗಳೂರಿನ ಕಡೆಯ ಕೊಂಕಣಿ ಹೆಂಗಸು. ಅದು ಮುಗಿದು ದುಬೈಗೆ ಮರಳುವ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತರು.

“ಮಾಸ್ಟ್ರೇ, ನೀವು ಎಂತದೋ ಮುಚ್ಚಿಡ್ತಾ ಇದ್ದೀರಿ.”

“ಎಂತ ಮುಚ್ಚಿಡ್ಲಿಕ್ಕುಂಟು ಸಿಸ್ಟರ್?”

“ಇವತ್ತು ಬಿಪಿ ನೋಡುವಾಗ ಐದು ನಿಮಿಷದಲ್ಲಿ ಮೂರು ಸಲ ನನ್ನ ಹೆಸರು ಕೇಳಿದ್ರು. ಮೂರು ಸಲವೂ ಹೊಸತಾಗಿ ಖುಷಿಪಟ್ರು. ಇಂಥವರನ್ನು ನಾನು ವಾರ್ಡಲ್ಲಿ ತುಂಬ ನೋಡಿದವಳು. ಇದು ಬರೀ ವಯಸ್ಸಿನ ಮರೆವಲ್ಲ.”

“ಹಾಗಾದ್ರೆ ನೀವೇ ಹೇಳಿ.”

“ಹೇಳ್ಬಹುದು. ನನ್ನತ್ರ ಇರೋದು ಸಂಶಯ ಮಾತ್ರ, ಸೆಕೆಗೆ ಹಾಗಾಯ್ತು ಅಂತಾರೆ. ನಿಮ್ಮತ್ರ ಇರೋದು ಸಂಶಯ ಅಲ್ಲ.” ಆಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು. ಆ ಬಸ್ಸಿನಲ್ಲಿ ನನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹೇಳಿದರೆ ಅವರನ್ನು ಕೊಂದ ಹಾಗೆ, ಹೇಳದಿದ್ದರೆ ಇನ್ನೇನಾಗುತ್ತದೋ. ಉಳಿದಿರುವುದು ಕೆಲವೇ ದಿನ, ಹೇಗೋ ದಾಟಿಬಿಡಬಹುದು ಎಂದು ಎಣಿಸುತ್ತಿದ್ದೆ.

ಹದಿನಾಲ್ಕನೇ ದಿನ ಪಿಕಪ್ ಗಾಡಿಯ ದೃಶ್ಯ. ಮೆಕ್ಯಾನಿಕ್ ತನ್ನ ಹಳೆಯ ಪಿಕಪ್ ಓಡಿಸಿಕೊಂಡು ಗ್ಯಾರೇಜಿನ ಗೇಟಿನೊಳಗೆ ಬರಬೇಕು. ಅಂಗಳದಲ್ಲಿ ಅವನ ಕೆಲಸಗಾರರು ಸಾಲಾಗಿ ನೆಲದ ಮೇಲೆ ಕೂತು ಊಟ ಮಾಡುತ್ತಿರುತ್ತಾರೆ. ಅವರ ಮುಂದೆ ಸೀಮೆಸುಣ್ಣದ ಗೆರೆ. ಅಲ್ಲಿ ಗಾಡಿ ನಿಲ್ಲಬೇಕು. ಕೆಲಸಗಾರರ ಪಾತ್ರಕ್ಕೆ ಅದೇ ಬೀದಿಯ ವರ್ಕ್‌ಶಾಪ್‌ಗಳಿಂದ ಹದಿನೈದು ಜನರನ್ನು ಕರೆತಂದಿದ್ದರು.

ರಿಹರ್ಸಲ್‌ಗೆ ಕರೆದಾಗ ಮುದುಕರು ಗಾಡಿಯ ಬಲಬಾಗಿಲು ತೆಗೆದು ಹತ್ತಿ ಕೂತರು. ಕೈ ಮುಂದೆ ಚಾಚಿದರು. ಅಲ್ಲಿ ಸ್ಟೀರಿಂಗ್ ಇಲ್ಲ, ದುಬೈಯ ಗಾಡಿಗಳಿಗೆ ಅದು ಎಡಗಡೆ. ಎಲ್ಲರೂ ನಕ್ಕರು, ಇಂಗ್ಲೆಂಡಿನಲ್ಲಿ ಬಲಗಡೆ ತಾನೆ ಸ್ಟೀರಿಂಗ್. ಅವರೂ ಇಳಿದು, ಸುತ್ತಿ ಬಂದು, ಎಡಗಡೆ ಕೂತು ಒಂದು ಸಲ ನಿಧಾನವಾಗಿ ಗೇಟಿನವರೆಗೆ ಓಡಿಸಿ ತೋರಿಸಿದರು. ಸರಿಯಾಗಿಯೇ ಓಡಿಸಿದರು. ಎಲ್ಲರಿಗೂ ಆಗುವ ತಪ್ಪು ಎಂದು ನಾನೂ ನನಗೇ ಹೇಳಿಕೊಂಡೆ.

ಒಂದು ಗಂಟೆಯ ನಂತರ ಕ್ಯಾರವಾನಿನಲ್ಲಿ ಮೂರನೇ ನಂಬರಿನ ಅಂಗಿ ತೊಡಿಸುತ್ತಿದ್ದೆ.

“ಈಗ ಏನು?” ಎಂದರು.

“ಗಾಡಿಯ ಸೀನ್ ಸರ್.”

“ಯಾವ ಗಾಡಿ?”

“ಆಗ ಓಡಿಸಿದಿರಲ್ಲ, ಪಿಕಪ್.”

“ಹೌದು ಹೌದು.” ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. ಆಮೇಲೆ, ಹಾಳೆಯಲ್ಲಿ ಏನೋ ಅನುಮಾನ ಕೇಳುವವರಂತೆ, “ಮಾಸ್ಟರ್, ಕಾಲಿನ ಹತ್ತಿರ ಮೂರು ಇರುತ್ತವಲ್ಲ. ನಡುವಿನದು ಯಾವುದಕ್ಕೆ?” ಎಂದರು.

ಗುಂಡಿ ಕಾಜಾದೊಳಗೆ ಅರ್ಧ ಹೋಗಿತ್ತು. ಅದನ್ನು ಅಲ್ಲೇ ಬಿಟ್ಟೆ. ಹೊರಗೆ ಹದಿನೈದು ಜನ ಊಟದ ತಟ್ಟೆ ಹಿಡಿದು ಕೂರಲು ಹೊರಟಿದ್ದು ಕಿಟಕಿಯಿಂದ ಕಾಣುತ್ತಿತ್ತು.

“ಸರ್, ನಾನು ಹೋಗಿ ಹೇಳುತ್ತೇನೆ.”

ಅವರಿಗೆ ತಕ್ಷಣ ತಿಳಿಯಿತು. ನನ್ನ ಮಣಿಕಟ್ಟು ಹಿಡಿದರು. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ನಾನು ತಿಳಿದಿರಲಿಲ್ಲ. “ಮಾತು ಕೊಟ್ಟಿದ್ದಿರಿ. ನೀವು ಮಾತು ಕೊಟ್ಟಿದ್ದಿರಿ.”

“ಕೊಟ್ಟಿದ್ದೆ ಸರ್.”

ಬೆರಳು ಒಂದೊಂದಾಗಿ ಬಿಡಿಸಿಕೊಂಡೆ. ಪಟ್ಟಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದೆ. ಅದನ್ನು ಎತ್ತಿಕೊಂಡು ಅಂಗಳ ದಾಟಿದೆ. ನನ್ನ ಇಂಗ್ಲಿಷ್ ಅಂಥ ಸಮಯಕ್ಕೆ ಸಾಲುವಂಥದ್ದಲ್ಲ. ನಿರ್ದೇಶಕಿಯ ಮೇಜಿನ ಮೇಲೆ ಡಬ್ಬಿ ಸುರಿದೆ. ಆಕೆ ಒಂದು ಪಟ್ಟಿ ಎತ್ತಿ ಓದಿದರು, ಇನ್ನೊಂದು ಎತ್ತಿದರು.

“ಎಷ್ಟು ದಿನದಿಂದ?”

“ಮೂರನೇ ದಿನದಿಂದ ಮೇಡಂ. ಗಾಡಿ ಓಡಿಸಲು ಬಿಡಬೇಡಿ. ಅವರಿಗೆ ಬ್ರೇಕ್ ಯಾವುದೆಂದು ಗೊತ್ತಿಲ್ಲ.”

ಸಹನಿರ್ದೇಶಕರು ಒಂದೇ ಮಾತಿನಲ್ಲಿ ಎಲ್ಲರನ್ನೂ ಎಬ್ಬಿಸಿದರು. “ಖಲಾಸ್!” ಹದಿನೈದು ಜನ ತಟ್ಟೆ ಹಿಡಿದೇ ಎದ್ದು ನೆರಳಿಗೆ ಹೋದರು, ಏನಾಯಿತೆಂದು ಅವರಿಗೆ ತಿಳಿಯಲಿಲ್ಲ. ಸಹನಿರ್ದೇಶಕರು ನನ್ನತ್ತ ತಿರುಗಿದರು. ಮಾಫಿ ಮುಷ್ಕಿಲ್ ಎಂದಿದ್ದಿರಲ್ಲ ಎಂದು ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ನಿರ್ದೇಶಕಿ ಬೈಯುತ್ತಾರೆ ಎಂದು ಕಾದಿದ್ದೆ. ಬೈದರು. ಆದರೆ ನಾನು ಎಣಿಸಿದ ಕಾರಣಕ್ಕಲ್ಲ. “ಮೊದಲ ದಿನವೇ ಗೊತ್ತಾಗಿದ್ದರೆ ಕಿವಿಯಲ್ಲಿ ಒಂದು ಸಣ್ಣ ಯಂತ್ರ ಇಟ್ಟು ಮಾತು ಓದಿ ಹೇಳುತ್ತಿದ್ದೆ. ವಯಸ್ಸಾದ ಎಷ್ಟೋ ನಟರು ಹಾಗೆ ಮಾಡುತ್ತಾರೆ. ಆ ಮನುಷ್ಯ ಹನ್ನೊಂದು ದಿನ ಒಬ್ಬನೇ ಹೆದರಿ ಕಳೆದಿದ್ದಾನೆ, ನೀವು ಪಕ್ಕದಲ್ಲಿ ನಿಂತು ಪಿನ್ನು ಹಾಕುತ್ತಿದ್ದಿರಿ.”

ಹಾಗೊಂದು ದಾರಿ ಇದೆಯೆಂದು ನನಗೆ ತಿಳಿದಿರಲಿಲ್ಲ. ಕೇಳಿಯೂ ಇರಲಿಲ್ಲ.

ಅಂದು ಮಧ್ಯಾಹ್ನ ಅದೇ ಅಂಗಿಯನ್ನು ಸ್ಟಂಟ್ ಡ್ರೈವರನಿಗೆ ತೊಡಿಸಿದೆ. ಮುಖ ಕಾಣದಂತೆ ಗಾಡಿಯ ದೃಶ್ಯ ತೆಗೆದರು. ಮುದುಕರನ್ನು ನರ್ಸ್ ಆಸ್ಪತ್ರೆಗೆ ಕರೆದೊಯ್ದರು. ಲಂಡನ್ನಿನ ನಿರ್ಮಾಪಕರು ಫೋನಿನಲ್ಲಿ ಮೊದಲು, ಕೂಡಲೇ ವಿಮಾನ ಹತ್ತಿಸಿ ಎಂದರಂತೆ. ನರ್ಸ್ ಪಕ್ಕದಲ್ಲಿದ್ದರೆ ಇನ್ನೊಂದು ದಿನ ಕೆಲಸ ಮಾಡಬಹುದು ಎಂದು ಕೊನೆಗೆ ಆಸ್ಪತ್ರೆಯ ಡಾಕ್ಟರ್ ಬರೆದುಕೊಟ್ಟರು. ಆ ಒಂದು ದಿನದಲ್ಲಿ ಒಂದೇ ದೃಶ್ಯ ಆಗಲೇಬೇಕಿತ್ತು. ಅಪ್ಪ ತನ್ನ ಲೇತ್ ಮೆಷಿನಿನ ಪಕ್ಕ ಕೂತು, ಯಾಕೆ ಹೊರಡುವುದಿಲ್ಲ ಎಂದು ಮಗಳಿಗೆ ಹೇಳುವುದು. ಎರಡು ಹಾಳೆಯ ಮಾತು. ಅದಿಲ್ಲದೆ ಕಥೆಯೇ ಇಲ್ಲ.

ಆ ದಿನ ಬೆಳಿಗ್ಗೆ ಬಟ್ಟೆ ತೊಡಿಸುವಾಗ ಅವರು ನನ್ನತ್ತ ನೋಡಲಿಲ್ಲ. ತೋಳು ಚಾಚಿ ಎಂದರೆ ಚಾಚಿದರು. ಕಿವಿಯೊಳಗೆ ಕಡಲೆಕಾಳಿನಷ್ಟು ದೊಡ್ಡ ಯಂತ್ರ ಇಟ್ಟರು. ಗೋಡೆಯ ಹಿಂದೆ ಮೈಕು ಹಿಡಿದು ಓದಲು ಸ್ಕ್ರಿಪ್ಟ್ ನೋಡಿಕೊಳ್ಳುವ ಹುಡುಗಿ ಕೂತಳು. ಅವಳದು ಚುರುಕಾದ ದನಿ. ಪೂರ್ತಿ ವಾಕ್ಯ ಓದುತ್ತಿದ್ದಳು. ಅವರು ಬೆಚ್ಚಿ ಕಿವಿಗೆ ಕೈ ಒಯ್ಯುತ್ತಿದ್ದರು. ನಾಲ್ಕು ಟೇಕ್ ಹಾಳಾಯಿತು.

ನಾನು ನರ್ಸ್‌ಗೆ ಹೇಳಿದೆ: “ಪೂರ್ತಿ ಓದಬಾರದು. ಉಸಿರು ತೆಗೆದುಕೊಳ್ಳುವ ಮೊದಲು ಎರಡು ಪದ ಕೊಡಬೇಕು, ಅಷ್ಟೇ.”

“ನಿಮಗೆ ಹೇಗೆ ಗೊತ್ತು?”

“ಇಲ್ಲಿ ನಮ್ಮವರ ತುಳು ನಾಟಕಕ್ಕೆ ಎಂಟು ವರ್ಷ ಪರದೆ ಹಿಂದೆ ನಿಂತು ಪ್ರಾಂಪ್ಟ್ ಮಾಡಿದ್ದೇನೆ. ಹೋಟೆಲು, ಆಫೀಸಿನಿಂದ ಸೀದಾ ಸ್ಟೇಜಿಗೆ ಬರುವವರು. ಯಾರಿಗೆ ಮಾತು ಬಾಯಿಪಾಠ ಇರ್ತದೆ?”

“ಅದನ್ನು ನನ್ನ ಹತ್ರ ಯಾಕೆ ಹೇಳ್ತೀರಿ? ಅಲ್ಲಿ ಹೇಳಿ ಮಾರಾಯ್ರೆ!” ಎಂದು ನನ್ನನ್ನು ನಿರ್ದೇಶಕಿಯ ಎದುರಿಗೆ ನೂಕಿದರು.

ನಿರ್ದೇಶಕಿ ಒಪ್ಪಿದರು. ಮುದುಕರು ಒಪ್ಪಲಿಲ್ಲ. ಕಿವಿಯ ಯಂತ್ರ ತೆಗೆದು ಅಂಗೈಯಲ್ಲಿಟ್ಟುಕೊಂಡು, “ಇವನ ದನಿ ನನ್ನ ತಲೆಯೊಳಗೆ ಬೇಡ” ಎಂದರು. ಇಡೀ ಗ್ಯಾರೇಜ್ ಕೇಳಿಸಿಕೊಂಡಿತು. ನರ್ಸ್ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು, “ಸರ್, ಅವರ ಮೇಲಿನ ಸಿಟ್ಟು ನಾಳೆಗೂ ಇರುತ್ತದೆ. ಈ ಸೀನ್ ನಾಳೆಗೆ ಇರುವುದಿಲ್ಲ” ಎಂದರು. ಅವರು ಬಹಳ ಹೊತ್ತು ಅಂಗೈ ನೋಡಿದರು. ಆಮೇಲೆ ಯಂತ್ರವನ್ನು ತಾವೇ ಕಿವಿಗೆ ಇಟ್ಟುಕೊಂಡರು.

ಮೈಕು ಹಿಡಿದು ಗೋಡೆಯ ಹಿಂದೆ ಕೂತೆ. ಮುಂದೆ ಸಣ್ಣ ಪರದೆಯಲ್ಲಿ ಅವರ ಮುಖ. ನನ್ನ ಮೊದಲ ಟೇಕ್‌ನಲ್ಲಿ ಅವರು ಅವಸರ ಮಾಡಿದಂತೆ ಕಂಡು, ಅಭ್ಯಾಸಬಲದಿಂದ, “ನಿಧಾನ ಸರ್” ಎಂದುಬಿಟ್ಟೆ. ಅವರು ನಟಿಯ ಕಡೆ ತಿರುಗಿ ಅಷ್ಟೇ ಗಂಭೀರವಾಗಿ, “ನಿಧಾನ ಸರ್” ಎಂದರು. ಯಾರೂ ನಗಲಿಲ್ಲ. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು.

ಎರಡನೇ ಟೇಕ್. ಎರಡೇ ಪದ ಕೊಟ್ಟೆ. ಭುಜ ಏಳುವ ಮೊದಲು. ಹಿಡಿದರು. ಮುಂದಿನ ಎರಡು. ಹಿಡಿದರು. ಹದಿನಾಲ್ಕು ದಿನ ಅವರ ಎದೆಯ ಮೇಲೆ ಗುಂಡಿ ಹಾಕಿದವನಿಗೆ ಆ ಎದೆ ಯಾವಾಗ ಏಳುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ತಿಳಿದಿತ್ತು. ಮೊದಲ ಹಾಳೆ ಮುಗಿಯಿತು. ಎರಡನೆಯದರ ಅರ್ಧಕ್ಕೆ ಬಂದಾಗ ಅವರು ನಿಂತರು. ಪದ ಕೊಟ್ಟೆ. ಹಿಡಿಯಲಿಲ್ಲ. ಮತ್ತೆ ಕೊಟ್ಟೆ. ಇಲ್ಲ. ಪರದೆಯಲ್ಲಿ ಅವರು ಲೇತ್ ಮೆಷಿನಿನ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತಿದ್ದರು, ಅದೇನು ಎಂದು ತಿಳಿಯಲು ಹೆಣಗುವವರಂತೆ. ಸಹನಿರ್ದೇಶಕರು ಕಟ್ ಹೇಳಲೇ ಎಂದು ನಿರ್ದೇಶಕಿಯತ್ತ ನೋಡಿದರು. ನನ್ನ ಬಾಯಲ್ಲಿ ಆ ಎರಡು ಪದ ಮೂರನೇ ಸಲಕ್ಕೆ ಸಿದ್ಧವಾಗಿತ್ತು. ಯಾಕೋ ಬೇಡವೆನಿಸಿತು. ಮೈಕಿನ ಗುಂಡಿಯಿಂದ ಹೆಬ್ಬೆರಳು ತೆಗೆದೆ.

ಎಷ್ಟು ಹೊತ್ತು ಹಾಗೆ ಕಳೆಯಿತೋ. ಅವರು ತಲೆಯೆತ್ತಿ ಮಗಳ ಪಾತ್ರದವಳನ್ನು ನೋಡಿದರು.

“ಇಲ್ಲಿ ಇದ್ದರೆ ಎಲ್ಲ ಎಲ್ಲೆಲ್ಲಿದೆ ಅಂತ ಗೊತ್ತಿರುತ್ತದೆ ಮಗಳೇ” ಎಂದರು. “ಅಲ್ಲಿಗೆ ಬಂದರೆ ನಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ.”

ಮೊದಲನೆಯ ವಾಕ್ಯ ಹಾಳೆಯಲ್ಲಿತ್ತು. ಎರಡನೆಯದು ಇರಲಿಲ್ಲ. ನಟಿ ತನ್ನ ಮುಂದಿನ ಮಾತು ಹೇಳದೆ ಅವರ ಕೈ ಹಿಡಿದುಕೊಂಡಳು. ನಿರ್ದೇಶಕಿ ಬಹಳ ತಡವಾಗಿ, ಬಹಳ ಮೆಲ್ಲಗೆ ಕಟ್ ಹೇಳಿದರು. ಇನ್ನೊಂದು ಟೇಕ್ ಕೇಳಲಿಲ್ಲ.

ಅವರು ಮರುದಿನ ವಿಮಾನ ಹತ್ತಿದರು; ನರ್ಸ್ ನಿಲ್ದಾಣದ ಒಳಗಿನವರೆಗೆ ಹೋಗಿ ಬಿಟ್ಟು ಬಂದರು. ಉಳಿದದ್ದನ್ನು ಅವರಿಲ್ಲದೆ, ಬೆನ್ನಿನಿಂದ, ದೂರದಿಂದ ತೆಗೆದು ಧಾರಾವಾಹಿ ಮುಗಿಸಿದರು. ನನ್ನ ವೀಸಾ ಉಳಿಯಿತು, ಮಗಳು ಪರೀಕ್ಷೆ ಬರೆದಳು. ಸಹನಿರ್ದೇಶಕರು ಆಮೇಲೆ ಯಾವತ್ತೂ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಅದು ನ್ಯಾಯವೇ.

ಆ ದೃಶ್ಯ ಮುಗಿದ ಸಂಜೆ ಕೊನೆಯ ಸಲ ಅವರ ಅಂಗಿ ಬಿಚ್ಚಲು ಕ್ಯಾರವಾನಿಗೆ ಹೋದೆ. ಅವರು ಕನ್ನಡಿಯ ಮುಂದೆ ಕೂತಿದ್ದರು. ನಾನು ಮೇಲಿನ ಗುಂಡಿಯಿಂದ ಶುರು ಮಾಡಿದೆ. ಮೂರನೆಯದಕ್ಕೆ ಬಂದಾಗ ಅವರು ಮಾತಾಡಿದರು.

“ನಿಮ್ಮ ಮೇಲೆ ನನಗೆ ಬಹಳ ಸಿಟ್ಟು ಇತ್ತು, ಮಾಸ್ಟರ್. ಜನ್ಮದಲ್ಲಿ ಕ್ಷಮಿಸಬಾರದು ಅಂದುಕೊಂಡಿದ್ದೆ.”

“ಗೊತ್ತು ಸರ್.”

“ಯಾಕೆ ಅಂತ ಈಗ ನೆನಪಾಗುತ್ತಿಲ್ಲ.”

ತಲೆಯೆತ್ತಿ ಕನ್ನಡಿಯಲ್ಲಿ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ನಲವತ್ತಕ್ಕೂ ಹೆಚ್ಚು ವರ್ಷ ಆ ಮುಖದಿಂದಲೇ ದುಡಿದು ಉಂಡವರು. ಅದು ನಿಜವಾದ ಮರೆವೋ, ನನಗೆ ಕೊಟ್ಟ ಕ್ಷಮೆಯೋ, ನೋಡಿ ಹೇಳಲು ನನ್ನಿಂದ ಆಗಲಿಲ್ಲ. “ತೋಳು ಸ್ವಲ್ಪ ಚಾಚಿ ಸರ್” ಎಂದೆ.